ಬಾಗಿಲು, ಬೀಗ ಮತ್ತು ಮನೆಯ ಭದ್ರತೆ

ಮನೆಯೊಳಗೆ ಯಾರು ಬರಬೇಕು, ಯಾರು ಬರಬಾರದು ಎಂಬ ತೀರ್ಮಾನವನ್ನು ಮನೆಯವರ ಕೈಯಲ್ಲೇ ಉಳಿಸುವ ಸಾಧನಗಳು ಬಾಗಿಲು ಮತ್ತು ಬೀಗ. ಕನ್ನಡದಲ್ಲಿ ಬಾಗಿಲೆಂದರೆ ಒಳಹೋಗುವ ದಾರಿಯೂ ಹೌದು, ಆ ದಾರಿಯನ್ನು ಮುಚ್ಚುವ ಹಲಗೆಯೂ ಹೌದು. ಹಲಗೆಯನ್ನು ಬೇರೆಯಾಗಿ ಹೇಳಬೇಕಾದಾಗ ಕದ ಎನ್ನುತ್ತೇವೆ. ಕದವನ್ನು ಹೊತ್ತು ನಿಲ್ಲುವ ಚೌಕಟ್ಟಿಗೆ ಕರಾವಳಿಯಲ್ಲಿ ದಾರಂದ, ಬೆಂಗಳೂರಿನ ಕಡೆ ವಾಸ್ಕಲ್ಲು, ಧಾರವಾಡದ ಕಡೆ ಬಾಗಿಲವಾಡ ಎಂಬ ಹೆಸರುಗಳಿವೆ. ಹಳೇ ಮೈಸೂರಿನವರು ಬೀಗ ಹಾಕಿದರೆ ಉತ್ತರ ಕರ್ನಾಟಕದವರು ಕೀಲಿ ಹಾಕುತ್ತಾರೆ. ಬೀಗದ ಕೈ ಅಲ್ಲಿ ಕೀಲಿಕೈ ಅಥವಾ ಚಾವಿ. ಚಾವಿ ಎಂಬ ಮಾತೂ ಕದವನ್ನು ಚೌಕಟ್ಟಿಗೆ ಸೇರಿಸುವ ಕೀಲಿಗೆ ಹೇಳುವ ಬಿಜಾಗರಿ ಎಂಬ ಮಾತೂ ಪೋರ್ಚುಗೀಸರ ಜೊತೆ ಪಶ್ಚಿಮ ಕರಾವಳಿಗೆ ಬಂದು ಒಳನಾಡಿಗೆ ಹಬ್ಬಿದವು.

ಕಳ್ಳತನದ ಸುದ್ದಿ ಬರೆಯುವ ನಮ್ಮ ಪತ್ರಿಕೆಗಳು ದಿನವೂ ಬಳಸುವ ಒಂದು ಕ್ರಿಯಾಪದ ಈ ವಿಷಯದ ತಿರುಳನ್ನು ಹಿಡಿದಿದೆ: ‘ಬಾಗಿಲು ಮೀಟಿ’. ಕದ ಮತ್ತು ಚೌಕಟ್ಟಿನ ನಡುವಿನ ಸಂದಿಗೆ ಕಬ್ಬಿಣದ ರಾಡು ತೂರಿಸಿ ಒತ್ತುವುದು ಮೀಟುವುದು. ಅಲ್ಲಿ ಬೀಗದ ಒಳಗಿನ ಯಂತ್ರಕ್ಕೂ ಕಳ್ಳನಿಗೂ ಮುಖಾಮುಖಿಯೇ ಆಗುವುದಿಲ್ಲ. ಸೀಳುವುದು ಬೀಗವನ್ನು ಹಿಡಿದಿದ್ದ ಮರ, ಕಿತ್ತು ಬರುವುದು ಮರವನ್ನು ಹಿಡಿದಿದ್ದ ಸ್ಕ್ರೂ. ಮನೆಯ ಭದ್ರತೆ ಹೆಚ್ಚಿಸುವುದೆಂದರೆ ದುಬಾರಿ ಬೀಗ ತರುವುದು ಎಂದು ನಂಬಿದವರು ಈ ಒಂದು ಪದವನ್ನು ಗಮನಿಸಿದರೆ ಸಾಕು, ಹಣವನ್ನು ಮೊದಲು ಎಲ್ಲಿ ಹಾಕಬೇಕೆಂಬುದು ತಿಳಿಯುತ್ತದೆ.

ಕನ್ನದಿಂದ ಬೀಗಕ್ಕೆ

ಹಿಂದೆ ಮನೆಯ ದುರ್ಬಲ ಭಾಗ ಬಾಗಿಲಾಗಿರಲಿಲ್ಲ, ಗೋಡೆಯಾಗಿತ್ತು. ಮಣ್ಣಿನ ಅಥವಾ ಹಸಿ ಇಟ್ಟಿಗೆಯ ಗೋಡೆಯನ್ನು ರಾತ್ರಿಯಲ್ಲಿ ಸದ್ದಿಲ್ಲದೆ ಕೊರೆಯುವುದು ದಪ್ಪ ಮರದ ಕದ ಒಡೆಯುವುದಕ್ಕಿಂತ ಸುಲಭ. ಆ ಕೊರೆತಕ್ಕೆ ಕನ್ನಡದಲ್ಲಿರುವ ಹೆಸರು ಕನ್ನ. ಗೋಡೆಗಳು ಸಿಮೆಂಟಿನವಾದ ಮೇಲೂ ‘ಮನೆಗೆ ಕನ್ನ’, ‘ಕನ್ನಗಳ್ಳ’ ಎಂಬ ಮಾತುಗಳು ಉಳಿದುಕೊಂಡಿವೆ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಕಳ್ಳ ಚಾರುದತ್ತನ ಮನೆಯ ಗೋಡೆ ಕೊರೆಯುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ತನ್ನ ಜನಿವಾರದಿಂದಲೇ ಅಳೆದು, ಯಾವ ಆಕಾರದ ಕನ್ನ ಚೆನ್ನ ಎಂದು ಯೋಚಿಸಿ, ಕೊನೆಗೆ ಪೂರ್ಣಕುಂಭದ ಆಕಾರವನ್ನು ಆರಿಸಿಕೊಳ್ಳುತ್ತಾನೆ. ಹೆಂಚಿನ ಮನೆಗಳು ಬಂದಾಗ ದುರ್ಬಲ ಭಾಗ ಮೇಲಕ್ಕೆ ಹೋಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ದೂರ ದೂರಕ್ಕೆ ಹೋಯಿತು. ಅದರ ಜೊತೆಗೆ ‘ಹೆಂಚು ತೆಗೆದು ಒಳಗಿಳಿದ ಕಳ್ಳರು’ ಎಂಬ ವರದಿಯೂ. ಕಾಂಕ್ರೀಟಿನ ಗೋಡೆ, ತಾರಸಿಗಳು ಬಂದ ಮೇಲೆ ಕಳ್ಳನಿಗೆ ಉಳಿದದ್ದು ಬಾಗಿಲು ಮತ್ತು ಕಿಟಕಿ.

ಹಳೆಯ ತೊಟ್ಟಿ ಮನೆ, ಗುತ್ತಿನ ಮನೆಗಳ ಹೆಬ್ಬಾಗಿಲನ್ನು ನೋಡಿದವರಿಗೆ ಅದರ ತೂಕ ನೆನಪಿರುತ್ತದೆ. ಹಲಸು, ತೇಗ ಅಥವಾ ಹೊನ್ನೆಯ ಒಂದೇ ಅಗಲದ ಹಲಗೆಗಳು, ಹಿಂಬದಿಯಲ್ಲಿ ಅಡ್ಡಪಟ್ಟಿ. ಅನೇಕ ಕಡೆ ಕಬ್ಬಿಣದ ಕೀಲೇ ಇಲ್ಲ. ಕದದ ಅಂಚಿನಲ್ಲೇ ಕೆತ್ತಿದ ಗೂಟ ಮೇಲೂ ಕೆಳಗೂ ಕುಳಿಗಳಲ್ಲಿ ಕೂತು ತಿರುಗುತ್ತದೆ, ಆದ್ದರಿಂದ ಹೊರಗಿನಿಂದ ಬಿಚ್ಚಲು ಏನೂ ಸಿಗುವುದಿಲ್ಲ. ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ತಲೆ ಬಗ್ಗಿಸಿಯೇ ಒಳಬರಬೇಕು. ಒಳಗಡೆ ಅಗುಳಿ. ಗೋಡೆಯ ಪೊಟರೆಯಿಂದ ಜಾರಿ ಬಂದು ಎರಡೂ ಕದಗಳಿಗೆ ಅಡ್ಡ ನಿಲ್ಲುವ ಆ ಮರದ ತೊಲೆಗೆ ಕೈಯೂ ಇಲ್ಲ, ಕೀಲಿಯೂ ಇಲ್ಲ. ಹೊರಗಿನವರು ತಳ್ಳಿದ ಬಲವನ್ನು ಅದು ನೇರವಾಗಿ ಗೋಡೆಗೆ ಸಾಗಿಸುತ್ತದೆ. ಈ ಸರಳ ಉಪಾಯದಷ್ಟು ಗಟ್ಟಿಯಾದದ್ದು ಇಂದಿನ ಅಂಗಡಿಗಳಲ್ಲಿ ಅಗ್ಗದ ಬೆಲೆಗೆ ಸಿಗುವುದಿಲ್ಲ.

ಆದರೆ ಅಗುಳಿ ಹಾಕಲು ಒಳಗೆ ಒಬ್ಬರಾದರೂ ಇರಬೇಕು. ಕೂಡುಕುಟುಂಬದ ಮನೆಯಲ್ಲಿ ಯಾವಾಗಲೂ ಯಾರಾದರೂ ಇರುತ್ತಿದ್ದರು. ಜಾತ್ರೆಗೆ ಎಲ್ಲರೂ ಹೊರಟರೂ ಅಜ್ಜಿ ಉಳಿಯುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಖಾಲಿ ನಿಲ್ಲುವ ಮನೆಗೆ ಹೊರಗಿನಿಂದ ಹಾಕುವ ಬೀಗ ಬೇಕಾಯಿತು.

ಬೀಗದ ಕಥೆಯಾದರೋ ತುಂಬ ಹಳೆಯದು. ಇರಾಕಿನ ಖೋರ್ಸಾಬಾದಿನಲ್ಲಿ, ಅಸಿರಿಯಾದ ಅರಸ ಎರಡನೆಯ ಸಾರ್ಗನ್ನನ ಅರಮನೆಯ ಅವಶೇಷಗಳಲ್ಲಿ ಮರದ ಬೀಗವೊಂದು ಸಿಕ್ಕಿತ್ತು. ಅಗುಳಿಯ ಮೇಲಿನ ರಂಧ್ರಗಳಿಗೆ ಮರದ ಗೂಟಗಳು ತಮ್ಮ ಭಾರದಿಂದಲೇ ಬಿದ್ದು ಕೂರುತ್ತವೆ. ಹಲ್ಲುಗಳಿರುವ ಕೋಲೊಂದನ್ನು ಕೆಳಗಿನಿಂದ ತೂರಿಸಿ ಎತ್ತಿದರೆ ಗೂಟಗಳು ಮೇಲೆದ್ದು ಅಗುಳಿ ಸರಿಯುತ್ತದೆ. ಇದೇ ತತ್ತ್ವವನ್ನು ಅಮೆರಿಕದ ಲೈನಸ್ ಯೇಲ್ 1848ರಲ್ಲಿ ಲೋಹಕ್ಕೆ ತಂದ. ಅದೇ ಹೆಸರಿನ ಅವನ ಮಗ 1860ರ ದಶಕದಲ್ಲಿ ಚಪ್ಪಟೆ ಕೀಲಿಕೈಯ ಸಣ್ಣ ಸಿಲಿಂಡರ್ ಬೀಗವನ್ನಾಗಿ ತಿದ್ದಿದ. ನಮ್ಮ ಮುಂಬಾಗಿಲುಗಳಲ್ಲಿರುವುದು ಬಹುಮಟ್ಟಿಗೆ ಆ ಸಿಲಿಂಡರೇ.

ಇಂಗ್ಲೆಂಡಿನದು ಬೇರೆ ದಾರಿ. 1778ರಲ್ಲಿ ರಾಬರ್ಟ್ ಬ್ಯಾರನ್ ಲಿವರ್ ಬೀಗಕ್ಕೆ ಪೇಟೆಂಟ್ ಪಡೆದ. 1818ರಲ್ಲಿ ಜೆರೆಮಿಯಾ ಚಬ್ ಮಾಡಿದ ಬೀಗದಲ್ಲಿ ಯಾರಾದರೂ ಕಳ್ಳಕೈ ಹಾಕಿ ಲಿವರನ್ನು ಹೆಚ್ಚು ಎತ್ತಿದರೆ ಅದು ಸಿಕ್ಕಿಕೊಂಡು, ಮುಂದೆ ಬೀಗ ತೆರೆಯಲು ಬಂದ ಒಡೆಯನಿಗೆ ವಿಷಯ ತಿಳಿಯುತ್ತಿತ್ತು. ಜೋಸೆಫ್ ಬ್ರಾಮಾನ ಬೀಗವನ್ನು ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿಟ್ಟು, ತೆರೆದವರಿಗೆ 200 ಗಿನಿ ಕೊಡುವುದಾಗಿ ಸವಾಲು ಹಾಕಿದ್ದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಕಾಲದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಮೊದಲು ಚಬ್ಬನ ಬೀಗವನ್ನು, ಆಮೇಲೆ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಬ್ರಾಮಾನ ಬೀಗವನ್ನು ತೆರೆದ. ಬ್ರಿಟನ್ನಿನ ಜನರಿಗೆ ಅದು ದೊಡ್ಡ ಆಘಾತ. ಆದರೆ 51 ಗಂಟೆ ಕೂರಲು ಯಾವ ಕಳ್ಳನಿಗೂ ಬಿಡುವಿಲ್ಲ. ಯಾವ ಬೀಗವೂ ತೆರೆಯಲಾಗದ್ದಲ್ಲ. ಎಷ್ಟು ಹೊತ್ತು, ಎಷ್ಟು ಸದ್ದು ಎಂಬುದರಲ್ಲೇ ಅದರ ಬೆಲೆ ಇದೆ.

ಭಾರತದಲ್ಲಿ ತಾಳಾ ನಗರಿ ಎಂದೇ ಹೆಸರಾದದ್ದು ಉತ್ತರ ಪ್ರದೇಶದ ಅಲಿಗಢ. ವಕೀಲಿ ಬಿಟ್ಟ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ಮಾಡಲು ಕೂತರು. ಕನ್ನಡದ ಮನೆಗಳಲ್ಲಿ ಉಕ್ಕಿನ ಬೀರುವಿಗೇ ‘ಗಾಡ್ರೇಜ್’ ಎಂಬ ಹೆಸರು ಅಂಟಿಕೊಂಡಿದ್ದರೂ ಆ ಕಂಪನಿಯ ಮೊದಲ ಹೆಸರುವಾಸಿ ಸರಕು ಬೀಗವೇ. ತಮಿಳುನಾಡಿನ ದಿಂಡಿಗಲ್ಲಿನ ಕೈಕೆಲಸದ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿಯ ಮಾವಿನಕಾಯಿ ಆಕಾರದ ಬೀಗವನ್ನು ಕೈಯಲ್ಲಿ ಹಿಡಿದರೆ ಅದರ ಭಾರವೇ ಭರವಸೆ ಕೊಡುತ್ತದೆ.

ಬೀಗದ ಒಳಗೆ

ಸಿಲಿಂಡರ್ ಬೀಗದಲ್ಲಿ ಸಾಮಾನ್ಯವಾಗಿ 5 ಅಥವಾ 6 ಜೋಡಿ ಹಿತ್ತಾಳೆಯ ಪಿನ್ನುಗಳು ಸಾಲಾಗಿ ನಿಂತಿರುತ್ತವೆ, ಪ್ರತಿಯೊಂದರ ಮೇಲೂ ಪುಟ್ಟ ಸ್ಪ್ರಿಂಗು. ಕೀ ಒಳಹೋದಾಗ ಅದರ ಏರುತಗ್ಗುಗಳು ಪಿನ್ನುಗಳನ್ನು ಬೇರೆ ಬೇರೆ ಎತ್ತರಕ್ಕೆ ಎತ್ತುತ್ತವೆ. ಎಲ್ಲ ಜೋಡಿಗಳ ನಡುವಿನ ಬಿರುಕು ಒಂದೇ ಗೆರೆಗೆ ಬಂದಾಗ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ಒಂದು ಪಿನ್ನು ಕೂದಲೆಳೆಯಷ್ಟು ಮೇಲೆ ಅಥವಾ ಕೆಳಗಿದ್ದರೂ ತಡೆ. 5 ಪಿನ್ನುಗಳಿಗೆ ತಲಾ 7 ಎತ್ತರಗಳೆಂದು ಲೆಕ್ಕ ಹಾಕಿದರೆ 16,807 ಬಗೆಯ ಕೀಗಳು ಸಾಧ್ಯ. ಅಗ್ಗದ ಬೀಗಗಳಲ್ಲಿ ಪಿನ್ನು ಮತ್ತು ರಂಧ್ರಗಳ ನಡುವೆ ಸಡಿಲಿರುವುದರಿಂದ ಈ ಲೆಕ್ಕ ಕಾಗದದ ಮೇಲೇ ಉಳಿಯುತ್ತದೆ. ಪಕ್ಕದ ಮನೆಯ ಕೀ ನಮ್ಮ ಬೀಗಕ್ಕೂ ಹತ್ತುವುದು ಹಾಗೆ. ಲಿವರ್ ಬೀಗದಲ್ಲಿ ಪಿನ್ನುಗಳ ಬದಲು ಒಂದರ ಮೇಲೊಂದು ಹಾಸಿದ ಹಿತ್ತಾಳೆಯ ಪಟ್ಟಿಗಳಿರುತ್ತವೆ. ಲಿವರುಗಳ ಸಂಖ್ಯೆ ಹೆಚ್ಚಿದಷ್ಟೂ ತೆರೆಯುವುದು ಕಷ್ಟ. ಕಳ್ಳರನ್ನು ತಡೆಯುವ ಬೀಗಗಳಿಗಾಗಿ ಬ್ರಿಟನ್ನಿನಲ್ಲಿ ಬಿಎಸ್ 3621 ಎಂಬ ಮಾನದಂಡವಿದೆ, ನಮ್ಮಲ್ಲಿ ಕದದೊಳಗೆ ಕೂರಿಸುವ ಮಾರ್ಟಿಸ್ ಬೀಗಗಳಿಗೆ ಐಎಸ್ 2209.

ಒಳಗಿನ ಯಂತ್ರದಷ್ಟೇ ಮುಖ್ಯವಾದದ್ದು ಹೊರಗೆ ಚಾಚುವ ಬೋಲ್ಟು. ಎಳೆದರೆ ತಾನಾಗಿ ಮುಚ್ಚಿಕೊಳ್ಳುವ ನೈಟ್ ಲ್ಯಾಚಿನ ನಾಲಗೆ ಒಂದು ಕಡೆ ಓರೆಯಾಗಿರುತ್ತದೆ. ಸಂದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆ ತೂರಿಸಿದರೆ ಅದು ಹಿಂದೆ ಸರಿಯಬಹುದು. ‘ಬಾಗಿಲು ಎಳೆದುಕೊಂಡು ಬಂದೆ’ ಎಂದರೆ ಬೀಗ ಹಾಕಿದಂತಲ್ಲ. ಕೀ ತಿರುಗಿಸಿ ಚೌಕಾಕಾರದ ಬೋಲ್ಟು ಹೊರಬಂದರೆ ಮಾತ್ರ ಬೀಗ. ಆ ಬೋಲ್ಟು ಕನಿಷ್ಠ 20 ಮಿಲಿಮೀಟರ್ ಚೌಕಟ್ಟಿನೊಳಗೆ ಹೋಗಬೇಕು, 25 ಆದರೆ ಇನ್ನೂ ಒಳ್ಳೆಯದು. ಸಿಲಿಂಡರಿನ ಮೂತಿ ಕದದಿಂದ 2–3 ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಚಾಚಿದರೆ ಇಕ್ಕಳದಲ್ಲಿ ಹಿಡಿದು ಮುರಿಯಲು ಅನುಕೂಲ. ಕದದ ದಪ್ಪಕ್ಕೆ ಸರಿಹೊಂದುವ ಅಳತೆ ಕೇಳಿ ಕೊಳ್ಳುವುದು ಈ ಕಾರಣಕ್ಕೆ.

ಬಾಗಿಲು

ಬೆಂಗಳೂರಿನ ಯಾವುದೇ ಬಾಡಿಗೆ ಮನೆಯ ಬಾಗಿಲ ಮುಂದೆ ಐದು ನಿಮಿಷ ನಿಂತು ನೋಡಿ. ಕದದ ಹೊರಮೈಯಲ್ಲಿ ಅಡ್ಡ ಸರಿಯುವ ಚಿಲಕ, ಅಂದರೆ ಆಲ್‌ಡ್ರಾಪ್, ಅದರ ಕೊಂಡಿಗೆ ಅಂಗೈಯಗಲದ ಬೀಗ. ಬೀಗದ ಮೇಲೆ ಲಿವರುಗಳ ಸಂಖ್ಯೆ ಹೆಮ್ಮೆಯಿಂದ ಅಚ್ಚಾಗಿದೆ. ಆಲ್‌ಡ್ರಾಪನ್ನು ಹಿಡಿದಿರುವುದು ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ. ಅವುಗಳ ತಲೆ ಹೊರಗೇ ಕಾಣುತ್ತಿದೆ, ಎರಡರ ಸುತ್ತ ತುಕ್ಕಿನ ಕಂದು ಕಲೆ. ಕೊಂಡಿ ಬಂದು ಸೇರುವ ಕಡೆ ಚೌಕಟ್ಟಿನ ಮರ ಹಿಂದೊಮ್ಮೆ ಸೀಳಿ, ಮರದ ಪುಡಿ ಮತ್ತು ಅಂಟು ತುಂಬಿ, ಮೇಲೆ ಬಣ್ಣ ಬಳಿದಿದ್ದಾರೆ. ಇಂಥ ಬಾಗಿಲಲ್ಲಿ ಸಾವಿರಾರು ರೂಪಾಯಿಯ ಬೀಗವನ್ನು ಕಾಯುತ್ತಿರುವುದು ಕೆಲವೇ ರೂಪಾಯಿಯ ಸ್ಕ್ರೂಗಳು.

ಇದಕ್ಕೆ ಪರಿಹಾರ ದುಬಾರಿಯಲ್ಲ. ಆಲ್‌ಡ್ರಾಪಿಗೆ ಸ್ಕ್ರೂ ಬದಲು ಕದದ ಆಚೆ ಬದಿಗೆ ಹಾಯ್ದು ಹೋಗುವ ಬೋಲ್ಟು ಹಾಕಿಸಬೇಕು. ಹೊರಗಡೆ ನುಣುಪಾದ ಗುಂಡು ತಲೆ, ಒಳಗಡೆ ವಾಷರು ಮತ್ತು ನಟ್ಟು. ಹೊರಗೆ ಸ್ಪ್ಯಾನರಿಗೆ ಹಿಡಿತವೇ ಸಿಗದು. ಬೀಗದ ಬೋಲ್ಟು ಸೇರುವ ತಟ್ಟೆಯನ್ನು ಎರಡೂವರೆ ಅಥವಾ ಮೂರು ಇಂಚಿನ ಸ್ಕ್ರೂಗಳಿಂದ ಚೌಕಟ್ಟಿನ ಗಟ್ಟಿ ಮರಕ್ಕೆ ಬಿಗಿಸಬೇಕು. ಚೌಕಟ್ಟಿನ ಸಂದಿಯ ಉದ್ದಕ್ಕೂ ಉಕ್ಕಿನ ಪಟ್ಟಿ ಕೂರಿಸಿದರೆ ರಾಡು ತೂರಿಸಲು ಎಡೆಯೇ ಇರದು. ಒಂದು ಮಧ್ಯಾಹ್ನದಲ್ಲಿ ಬಡಗಿ ಇಷ್ಟೂ ಮುಗಿಸುತ್ತಾನೆ. ನೇತಾಡುವ ಬೀಗವನ್ನೇ ಹಾಕುವುದಾದರೆ ಗಟ್ಟಿಗೊಳಿಸಿದ ಉಕ್ಕಿನ ಕೊಂಡಿಯದು, ಅದರಲ್ಲೂ ಕೊಂಡಿ ಹೆಚ್ಚು ಹೊರಗೆ ಕಾಣದ್ದು ಬೇಕು. ಕಟರಿನ ಬಾಯಿಗೆ ಅದು ಸಿಗುವುದಿಲ್ಲ.

ಕದ ಯಾವುದು ಎಂಬುದು ಮುಂದಿನ ಪ್ರಶ್ನೆ. ನೋಡಲು ಒಂದೇ ರೀತಿಯಿರುವ ಎರಡು ಫ್ಲಶ್ ಡೋರುಗಳಲ್ಲಿ ಒಂದರ ಹೊಟ್ಟೆ ತುಂಬ ಮರದ ಪಟ್ಟಿಗಳಿರಬಹುದು, ಇನ್ನೊಂದರ ಹೊಟ್ಟೆ ಟೊಳ್ಳಿರಬಹುದು. ಬೆರಳ ಗೆಣ್ಣಿನಿಂದ ತಟ್ಟಿದರೆ ವ್ಯತ್ಯಾಸ ಕೇಳಿಸುತ್ತದೆ. ಟೊಳ್ಳು ಕದ ಮಲಗುವ ಕೋಣೆಗೆ ಸಾಕು, ಹೊರಬಾಗಿಲಿಗೆ ಸಲ್ಲದು. ಗಟ್ಟಿ ಹೊಟ್ಟೆಯ ಫ್ಲಶ್ ಕದಗಳಿಗೆ ಐಎಸ್ 2202 ಮಾನದಂಡವಿದೆ, ಕೊಳ್ಳುವಾಗ ಆ ಗುರುತು ಕೇಳಬೇಕು. ಹೊರಬಾಗಿಲಿಗೆ 35 ಮಿಲಿಮೀಟರಿಗಿಂತ ತೆಳುವಾದದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ಮಾರ್ಟಿಸ್ ಬೀಗ ಕೂರಿಸಲು ಕದದ ಅಂಚನ್ನು ಕೊರೆಯುತ್ತಾರೆ. ಕದ ತೆಳುವಾದರೆ ಬೀಗವಿರುವ ಜಾಗವೇ ಎಲ್ಲಕ್ಕಿಂತ ದುರ್ಬಲವಾಗುತ್ತದೆ. ಕೆತ್ತನೆಯ ಹಲಗೆ ಬಾಗಿಲುಗಳಲ್ಲಿ ಚೌಕಟ್ಟಿನ ಪಟ್ಟಿ ದಪ್ಪವಿದ್ದರೂ ನಡುವಿನ ಹಲಗೆ ತೆಳುವಾಗಿ ಒಂದೇ ಒದೆತಕ್ಕೆ ಒಡೆಯುವುದುಂಟು. ಈಚೆಗೆ ಹೊಸ ಮನೆಗಳಿಗೆ ಬರುತ್ತಿರುವ ಉಕ್ಕಿನ ಬಾಗಿಲುಗಳಲ್ಲಿ ಮೇಲೆ, ಕೆಳಗೆ, ಪಕ್ಕದಲ್ಲಿ ಒಟ್ಟಿಗೆ ಬೋಲ್ಟು ಚಾಚುವ ವ್ಯವಸ್ಥೆಯಿರುತ್ತದೆ. ಮೀಟುವವನು ಒಂದು ಕಡೆಯಲ್ಲ, ಹಲವು ಕಡೆ ಮೀಟಬೇಕಾಗುತ್ತದೆ.

ಮಲೆನಾಡು, ಕರಾವಳಿಗಳಲ್ಲಿ ಮಳೆಗೂ ಇದರಲ್ಲಿ ಪಾಲಿದೆ. ಆಷಾಢದಲ್ಲಿ ಮರ ನೀರು ಹೀರಿ ಉಬ್ಬಿ ಬಾಗಿಲು ಬಿಗಿಯಾಗುತ್ತದೆ. ಭುಜ ಕೊಟ್ಟು ತಳ್ಳಿ ಸಾಕಾದ ಮನೆಯವರು ಬಡಗಿಯನ್ನು ಕರೆಸುತ್ತಾರೆ, ಆತ ಕೀಸುಳಿ ಹಿಡಿದು ಅಂಚು ತೆಗೆಯುತ್ತಾನೆ. ಬೇಸಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಅದೇ ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದಿ ಬಿಟ್ಟಿರುತ್ತದೆ, ಬೋಲ್ಟು ತುದಿಯಷ್ಟೇ ಚೌಕಟ್ಟನ್ನು ಮುಟ್ಟುತ್ತದೆ. ಕೀ ಎಂದಿನಂತೆ ತಿರುಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ರಜೆಗೆ ಊರಿಗೆ ಹೊರಡುವ ಮೊದಲು ಬೋಲ್ಟು ಎಷ್ಟು ಒಳಹೋಗುತ್ತಿದೆ ಎಂದು ಅಳೆದು ನೋಡುವುದು ಒಳ್ಳೆಯದು. ಕಡಲ ಗಾಳಿಯ ಉಪ್ಪಿಗೆ ಕಬ್ಬಿಣದ ಬೀಗ ಬೇಗ ಹಿಡಿಯುತ್ತದೆ. ಅಲ್ಲಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲೇ ಸರಿ. ಬಿಗಿಯಾದ ಸಿಲಿಂಡರಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯ. ಎರಡು ದಿನ ಅದು ಹಗುರವಾಗಿ ತಿರುಗುತ್ತದೆ, ಆಮೇಲೆ ಎಣ್ಣೆಗೆ ಧೂಳು ಅಂಟಿ ಪಿನ್ನುಗಳು ಹಿಡಿಯುತ್ತವೆ. ಅದರ ಬದಲು ಗ್ರಾಫೈಟ್ ಪುಡಿ, ಇಲ್ಲದಿದ್ದರೆ ಪೆನ್ಸಿಲ್ ಕಡ್ಡಿಯನ್ನು ನುಣ್ಣಗೆ ಕೆರೆದ ಪುಡಿ, ಸಾಕು.

ಹೊರಗೆ ತೆರೆದುಕೊಳ್ಳುವ ಬಾಗಿಲಿನ ಕೀಲುಗಳೂ ಹೊರಗೇ ಇರುತ್ತವೆ. ಅವುಗಳ ನಡುವಿನ ಕಡ್ಡಿಯನ್ನು ತಟ್ಟಿ ಹೊರತೆಗೆದರೆ ಬೀಗ ಹಾಗೇ ಇದ್ದು ಕದ ಇನ್ನೊಂದು ಬದಿಯಿಂದ ಕಳಚಿ ಬರುತ್ತದೆ. ಕೀಲಿನ ಬದಿಯಲ್ಲಿ ಕದಕ್ಕೆ ಚಿಕ್ಕ ಉಕ್ಕಿನ ಗೂಟ, ಚೌಕಟ್ಟಿನಲ್ಲಿ ಅದಕ್ಕೊಂದು ಕುಳಿ ಮಾಡಿಸಿದರೆ, ಮುಚ್ಚಿದ ಕದವನ್ನು ಆ ಕಡೆಯಿಂದ ಕೀಳಲಾಗದು. ಹಳೆಯ ಗೂಟದ ಬಾಗಿಲುಗಳ ಜಾಣ್ಮೆಯೇ ಇಲ್ಲಿ ಹೊಸ ರೂಪದಲ್ಲಿದೆ.

ಮುಂಬಾಗಿಲಿಗೆ ಇಷ್ಟೆಲ್ಲ ಮಾಡಿಸಿದವರ ಹಿತ್ತಲ ಬಾಗಿಲಿಗೆ ಒಂದೇ ಚಿಲಕವಿರುವುದು ನಮ್ಮಲ್ಲಿ ಅಪರೂಪವಲ್ಲ. ರಸ್ತೆಯಿಂದ ಕಾಣದ ಕಾರಣ ಕಳ್ಳನಿಗೆ ಅಲ್ಲೇ ಬಿಡುವು ಹೆಚ್ಚು. ಬಚ್ಚಲಿನ ಗಾಜಿನ ಪಟ್ಟಿಗಳ ಕಿಟಕಿ, ತಾರಸಿಯ ತಗಡಿನ ಬಾಗಿಲು, ಕೈಗೆಟುಕುವ ಪೈಪು ಇವೂ ದಾರಿಗಳೇ.

ಕೀ, ಅಭ್ಯಾಸ, ಹೊಸ ಬೀಗಗಳು

ಹೊರಗೆ ನೇತಾಡುವ ಬೀಗಕ್ಕೆ ಒಂದು ದೋಷವಿದೆ: ಮನೆಯಲ್ಲಿ ಯಾರೂ ಇಲ್ಲ ಎಂದು ಅದು ಬೀದಿಗೆಲ್ಲ ಹೇಳುತ್ತದೆ. ಕದದೊಳಗಿನ ಬೀಗ ಆ ಗುಟ್ಟು ಬಿಟ್ಟುಕೊಡುವುದಿಲ್ಲ. ಎರಡು ದಿನದ ಪೇಪರು, ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಉಳಿದರೆ, ದಿನವೂ ಕಾಣುವ ರಂಗೋಲಿ ಕಾಣದಿದ್ದರೆ ಅವೂ ಅದನ್ನೇ ಹೇಳುತ್ತವೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ, ಠಾಣೆಗೂ ತಿಳಿಸಿ ಹೋಗಿ ಎಂದು ಪೊಲೀಸರು ಕೇಳಿಕೊಳ್ಳುವುದು ಇದಕ್ಕೇ. ಮಕ್ಕಳು ಹೊರದೇಶದಲ್ಲಿದ್ದು ತಿಂಗಳುಗಟ್ಟಲೆ ಮುಚ್ಚಿರುವ ಮನೆಗಳು ಈಗ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಅಂಥ ಮನೆಗೆ ವಾರಕ್ಕೊಮ್ಮೆ ಬಂದು ಕಿಟಕಿ ತೆರೆದು ಹೋಗುವ ಮನುಷ್ಯನಿಗೆ ಸಮನಾದ ಬೀಗ ಇನ್ನೂ ಬಂದಿಲ್ಲ.

ಕೀಲಿಕೈಯನ್ನು ತುಳಸಿಕಟ್ಟೆಯ ಗೂಡಿನಲ್ಲೋ ಮೀಟರ್ ಪೆಟ್ಟಿಗೆಯ ಮೇಲೋ ಚಪ್ಪಲಿ ಗೂಡಿನಲ್ಲೋ ಇಡುವ ರೂಢಿಯನ್ನು ನಿಲ್ಲಿಸಲೇಬೇಕು. ನಾವು ಯೋಚಿಸುವ ಜಾಗಗಳನ್ನೇ ಕಳ್ಳನೂ ಯೋಚಿಸುತ್ತಾನೆ. ಬಾಡಿಗೆಗೆ ಬಂದ ಮೊದಲ ವಾರವೇ ಮಾಲೀಕರ ಒಪ್ಪಿಗೆ ಪಡೆದು ಸಿಲಿಂಡರ್ ಬದಲಿಸುವುದು ಕ್ಷೇಮ. ಪಾದಚಾರಿ ದಾರಿಯ ಪಕ್ಕದಲ್ಲಿ ಅರ ಹಿಡಿದು ಕೂತ ಕುಶಲಕರ್ಮಿ ಕೆಲವೇ ನಿಮಿಷಗಳಲ್ಲಿ ಒಂದು ಕೀಗೆ ಇನ್ನೊಂದು ಮಾಡಿಕೊಡುತ್ತಾನೆ. ಹಿಂದೆ ಇದ್ದವರ ಬಳಿ ಎಷ್ಟು ಕೀಗಳು ಉಳಿದಿವೆಯೋ ಹೇಳಲಾಗದು. ಪೂರ್ತಿ ಬೀಗ ಬೇಡ, ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕು.

ಬೆರಳಚ್ಚು, ಸಂಖ್ಯೆ ಅಥವಾ ಮೊಬೈಲಿನಿಂದ ತೆರೆಯುವ ಬೀಗಗಳು ಕೀ ಕಳೆದುಹೋಗುವ ತೊಂದರೆಯನ್ನು ತಪ್ಪಿಸುತ್ತವೆ, ಯಾರು ಯಾವಾಗ ಬಂದರೆಂದು ನೆನಪಿಡುತ್ತವೆ. ಆದರೆ ಮೀಟುವವನ ಮುಂದೆ ಅವುಗಳ ಬಲವೂ ಅದೇ ಬೋಲ್ಟಿನದು, ಅದೇ ಚೌಕಟ್ಟಿನದು. ಬ್ಯಾಟರಿ ಮುಗಿದಾಗ ತೆರೆಯಲು ಕೀಯಿರುವ ಮಾದರಿಯನ್ನೇ ಕೊಳ್ಳಬೇಕು. ಪಾತ್ರೆ ತೊಳೆದು ತೊಳೆದು ಬೆರಳ ಗೆರೆ ಸವೆದ ಅಮ್ಮನಿಗೆ, ಅಡಿಕೆ ಸುಲಿಯುವ ಕೈಗಳಿಗೆ ಬೆರಳಚ್ಚು ಓದುವ ಯಂತ್ರ ಅನೇಕ ಸಲ ಒಲಿಯುವುದಿಲ್ಲ. ಕೊಳ್ಳುವ ಮುನ್ನ ಮನೆಯ ಹಿರಿಯರ ಬೆರಳನ್ನು ಇಟ್ಟು ನೋಡಬೇಕು.

ಭದ್ರತೆಯ ಹೆಸರಿನಲ್ಲಿ ಮನೆಯವರನ್ನೇ ಬಂಧಿಸುವ ತಪ್ಪು ಎಲ್ಲಕ್ಕಿಂತ ಅಪಾಯಕಾರಿ. ಎಲ್ಲ ಕಿಟಕಿಗಳಿಗೂ ಬೆಸುಗೆ ಹಾಕಿದ ಗ್ರಿಲ್ಲು, ಬಾಲ್ಕನಿಗೆ ಪಂಜರ, ರಾತ್ರಿ ಒಳಗಿನಿಂದ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ ಹಾಕಿ ಕೀಯನ್ನು ದೇವರ ಮನೆಯಲ್ಲಿಡುವುದು ನಮ್ಮ ನಗರಗಳಲ್ಲಿ ಮಾಮೂಲು. ಅಡುಗೆಮನೆಯಲ್ಲಿ ಬೆಂಕಿ ಹತ್ತಿ ಹೊಗೆ ತುಂಬಿದಾಗ ಆ ಕೀ ಹುಡುಕಲು ಸಮಯ ಸಿಗುವುದಿಲ್ಲ. ಕಟ್ಟಡದಿಂದ ಹೊರಹೋಗುವ ಬಾಗಿಲನ್ನು ಒಳಗಿನವರು ಕೀ ಇಲ್ಲದೆ ತೆರೆಯುವಂತಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಮನೆಯಲ್ಲೂ ಅದನ್ನೇ ಪಾಲಿಸಬೇಕು: ಒಳಗಡೆ ಕೀ ಬೇಡದ, ಗುಬುಟು ತಿರುಗಿಸಿದರೆ ತೆರೆಯುವ ಬೀಗ, ಒಂದು ಕಿಟಕಿಗಾದರೂ ಒಳಗಿನಿಂದ ತೆರೆಯುವ ಗ್ರಿಲ್ಲು.

ಕಾನೂನು ಮತ್ತು ಅನುಭವ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330 ಮತ್ತು 331ನೇ ಕಲಮುಗಳು ಮನೆ ಅತಿಕ್ರಮ ಹಾಗೂ ಮನೆ ಒಡೆಯುವ ಅಪರಾಧಕ್ಕೆ ಸಂಬಂಧಿಸಿವೆ. ಬೀಗ ತೆರೆದು ಒಳಬರುವುದೂ ಕಾನೂನಿನ ಕಣ್ಣಿಗೆ ಮನೆ ಒಡೆದಂತೆಯೇ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಇದು ನಡೆದರೆ ಶಿಕ್ಷೆ ಹೆಚ್ಚು. ಕಳವಿನ ಉದ್ದೇಶದಿಂದ ರಾತ್ರಿ ಮನೆ ಒಡೆದವರಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಬಾಗಿಲನ್ನು ಗಟ್ಟಿ ಮಾಡಿಸಿದರೆ ಕಳ್ಳತನ ನಿಜವಾಗಿ ಕಡಿಮೆಯಾಗುತ್ತದೆಯೇ ಎಂಬುದಕ್ಕೆ ನೆದರ್ಲೆಂಡ್ಸ್ ದೇಶದಲ್ಲಿ ಒಳ್ಳೆಯ ಉತ್ತರ ಸಿಕ್ಕಿದೆ. ಹೊಸದಾಗಿ ಕಟ್ಟುವ ಮನೆಗಳ ಬಾಗಿಲು ಕಿಟಕಿಗಳು ಕಳ್ಳರನ್ನು ತಡೆಯುವಂಥವಾಗಿರಲೇಬೇಕೆಂದು ಅಲ್ಲಿ 1999ರಲ್ಲಿ ನಿಯಮ ಬಂತು. ಆ ಬಳಿಕ ಕಟ್ಟಿದ ಮನೆಗಳಲ್ಲಿ ವರ್ಷಕ್ಕೆ ಕಳ್ಳತನಕ್ಕೀಡಾಗುವ ಪ್ರಮಾಣ ಶೇ. 1.1ರಿಂದ 0.8ಕ್ಕೆ ಇಳಿದದ್ದನ್ನು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯುರೋಪಿನಲ್ಲಿ ಬಾಗಿಲುಗಳನ್ನು ಆರ್‌ಸಿ 1ರಿಂದ 6ರವರೆಗೆ ವಿಂಗಡಿಸಿ, ಸಲಕರಣೆ ಹಿಡಿದ ಮನುಷ್ಯನನ್ನು ಎಷ್ಟು ನಿಮಿಷ ತಡೆಯುತ್ತದೆಂದು ಪರೀಕ್ಷಿಸುತ್ತಾರೆ. ಎರಡನೆಯ ದರ್ಜೆಗೆ 3 ನಿಮಿಷ, ಮೂರನೆಯದಕ್ಕೆ 5 ನಿಮಿಷ. ಕೇಳಲು ಕಡಿಮೆ ಎನಿಸಿದರೂ ಬೀದಿಯಲ್ಲಿ ಸದ್ದು ಮಾಡುತ್ತ ನಿಂತವನಿಗೆ ಮೂರು ನಿಮಿಷ ಬಹಳ ಉದ್ದ.

ಬಾಗಿಲೇ ಬೇಡವೆಂದ ಊರೂ ಇದೆ. ಕರ್ನಾಟಕದಿಂದಲೂ ಭಕ್ತರು ಹೋಗುವ ಮಹಾರಾಷ್ಟ್ರದ ಶನಿ ಶಿಂಗಣಾಪುರದಲ್ಲಿ ದೇವರ ಮೇಲಿನ ನಂಬಿಕೆಯಿಂದ ಮನೆಗಳಿಗೆ ಕದವಿಡದ ಸಂಪ್ರದಾಯ ಬೆಳೆದುಬಂದಿದೆ. 2011ರಲ್ಲಿ ಅಲ್ಲಿ ಯುಕೋ ಬ್ಯಾಂಕ್ ಬೀಗವಿಲ್ಲದ ಶಾಖೆ ತೆರೆಯಿತು. ಇಡೀ ಊರಿನ ಕಣ್ಣು ಪ್ರತಿ ಮನೆಯ ಮೇಲಿರುವ ಕಡೆ ಅದು ಸಾಧ್ಯ.

ನಮ್ಮಲ್ಲಿ ಮನೆ ಕಟ್ಟುವಾಗ ಬಾಗಿಲು ನಿಲ್ಲಿಸುವ ದಿನಕ್ಕೆ ಮುಹೂರ್ತ ನೋಡಿ, ಅರಿಶಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟಿ, ಹೊಸ್ತಿಲ ಕೆಳಗೆ ನವರತ್ನ, ಪಂಚಲೋಹ ಇಟ್ಟು ಪೂಜೆ ಮಾಡುತ್ತಾರೆ. ಮನೆಯವರೆಲ್ಲ ಸೇರುವ ಆ ದಿನವೇ ಚೌಕಟ್ಟಿನ ಎರಡೂ ಬದಿಗೆ, ಅದನ್ನು ಗೋಡೆಗೆ ಬಿಗಿಯುವ ಮೂರು ಮೂರು ಹೋಲ್ಡ್‌ಫಾಸ್ಟ್ ಹಾಕಿದ್ದಾರೆಯೇ, ಅವು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಕೂತಿವೆಯೇ ಎಂದು ಮೇಸ್ತ್ರಿಯ ಪಕ್ಕ ನಿಂತು ನೋಡಿಕೊಳ್ಳಿ. ಗಾರೆ ಮುಚ್ಚಿದ ಮೇಲೆ ಅವು ಕಾಣುವುದಿಲ್ಲ.